ನೂರು ಮಂದಿ ಒಪ್ಪಿದ ಮೇಲೆ: ಜಿಮೇಲ್ ಹೊರಬಂದ ಬಗೆ

ನಮ್ಮಲ್ಲಿ ಬಹಳ ಮಂದಿ ದಿನವೂ ಸುದ್ದಿ, ಫೋಟೊ ಕಳಿಸುವ ಜಿಮೇಲ್‌ನ ಹೆಸರಿನ ಜೊತೆ ಐದು ವರ್ಷ ‘ಬೀಟಾ’ ಎಂಬ ಪದವೂ ಇತ್ತು. ಇದು ಇನ್ನೂ ಪರೀಕ್ಷೆಯಲ್ಲಿದೆ, ಪೂರ್ತಿಯಾಗಿಲ್ಲ ಎಂದು ಅದರ ಅರ್ಥ. 2009ರ ಜುಲೈನಲ್ಲಿ ಆ ಪದ ತೆಗೆಯುವ ಹೊತ್ತಿಗೆ ಕೋಟ್ಯಂತರ ಜನ ಅದನ್ನು ಬಳಸುತ್ತಿದ್ದರು. ಮುಗಿಯದ ಕೆಲಸವನ್ನು ಯಾವಾಗ, ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆಗೆ ಈ ಇತಿಹಾಸದಲ್ಲಿ ಒಂದು ಉತ್ತರವಿದೆ, ಒಂದು ಎಚ್ಚರಿಕೆಯೂ ಇದೆ.

ಗೂಗಲ್ ಎಂಜಿನಿಯರ್ ಪಾಲ್ ಬುಕೈಟ್ ಈ ಕೆಲಸ ಶುರುಮಾಡಿದ್ದು 2001ರ ಆಗಸ್ಟ್‌ನಲ್ಲಿ. ಮೊದಲ ರೂಪ ಒಂದೇ ದಿನದ ದುಡಿಮೆ. ಗೂಗಲ್ ಗ್ರೂಪ್ಸ್‌ಗಾಗಿ ಬರೆದಿದ್ದ ಕೋಡನ್ನೇ ಎತ್ತಿಕೊಂಡು ತಮ್ಮ ಮೇಲ್‌ಗಳಲ್ಲಿ ಹುಡುಕುವ ಸೌಲಭ್ಯ ಮಾಡಿ, ಸಹೋದ್ಯೋಗಿಗಳಿಗೆ ತೋರಿಸಿದರು. ಚೆನ್ನಾಗಿದೆ, ಆದರೆ ನಿಮ್ಮ ಮೇಲ್ ಬದಲು ನಮ್ಮ ಮೇಲ್ ಹುಡುಕುವಂತಿದ್ದರೆ ಇನ್ನೂ ಉಪಯೋಗ ಎಂದರು ಅವರು. ಎರಡನೆಯ ರೂಪ ಹುಟ್ಟಿದ್ದು ಹಾಗೆ. ಮುಂದೇನು ಮಾಡಬೇಕೆಂದು ಪ್ರತಿ ಹಂತದಲ್ಲೂ ಬಳಸುವವರೇ ಹೇಳುತ್ತಾ ಹೋದರು.

ಹೊರಗಿನವರಿಗೆ ತೋರಿಸುವುದು ಯಾವಾಗ? ಅದಕ್ಕೊಂದು ಸರಳ ಅಳತೆ ಇಟ್ಟುಕೊಂಡರು: ಕಂಪನಿಯೊಳಗೆ 100 ಮಂದಿ ಖುಷಿಯಿಂದ ಬಳಸುವಂತಾಗಬೇಕು. ಒಬ್ಬೊಬ್ಬರನ್ನೇ ಕಂಡು, ನಿಮಗೆ ಒಪ್ಪಿಗೆಯಾಗಲು ಏನು ಬೇಕು ಎಂದು ಕೇಳಿದರು. ಕೆಲವರು ಕೇಳಿದ್ದು ಆಗದ ಮಾತು, ಅವರನ್ನು ಅಲ್ಲಿಗೇ ಬಿಟ್ಟರು. ಇನ್ನು ಕೆಲವರಿಗೆ ಬೇಕಿದ್ದುದು ಚಿಕ್ಕ ಬದಲಾವಣೆ, ಅದನ್ನು ಮಾಡಿಕೊಟ್ಟರು. 100 ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಹೀಗೆ ಒಬ್ಬೊಬ್ಬರನ್ನೇ ಒಪ್ಪಿಸುವುದಕ್ಕೆ ಬಹಳ ಕಾಲ ಹಿಡಿಯಿತು.

2004ರ ಏಪ್ರಿಲ್ 1ರಂದು ಜಿಮೇಲ್ ಪ್ರಕಟವಾಯಿತು. ಹಾಟ್‌ಮೇಲ್ 2 ಎಂಬಿ ಜಾಗ ಕೊಡುತ್ತಿದ್ದ ಕಾಲದಲ್ಲಿ 1 ಜಿಬಿ ಎಂದಾಗ ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಎಂದುಕೊಂಡವರೇ ಹೆಚ್ಚು. ಮೊದಲಿಗೆ ಸುಮಾರು 1,000 ಹೊರಗಿನವರಿಗೆ ಮಾತ್ರ ಪ್ರವೇಶ. ಅವರು ಕರೆದರೆ ಇತರರು ಬರಬಹುದಿತ್ತು. ಇದು ಬರೀ ಪ್ರಚಾರದ ಜಾಣತನವಲ್ಲ. ಕಂಪನಿಯಲ್ಲಿ ಬೇರಾರಿಗೂ ಬೇಡವಾಗಿದ್ದ ಸುಮಾರು 300 ಹಳೆಯ ಕಂಪ್ಯೂಟರ್‌ಗಳ ಮೇಲೆ ಜಿಮೇಲ್ ನಡೆಯುತ್ತಿತ್ತು, ಎಲ್ಲರನ್ನೂ ಒಮ್ಮೆಗೇ ಬಿಟ್ಟುಕೊಂಡರೆ ತಡೆಯುತ್ತಿರಲಿಲ್ಲ. ಆಹ್ವಾನವಿಲ್ಲದೆ ಯಾರು ಬೇಕಾದರೂ ಸೇರಬಹುದಾದದ್ದು 2007ರ ಫೆಬ್ರುವರಿಯಲ್ಲಿ.

ಹೊರಬಂದ ವಾರದಲ್ಲೇ ಪೆಟ್ಟೂ ಬಿತ್ತು. ಮೇಲ್‌ನಲ್ಲಿರುವ ಪದಗಳನ್ನು ಕಂಪ್ಯೂಟರ್ ಓದಿ ಜಾಹೀರಾತು ತೋರಿಸುತ್ತದೆ ಎಂಬುದನ್ನು ವಿರೋಧಿಸಿ 31 ಸಂಘಟನೆಗಳು ಪತ್ರ ಬರೆದವು. ಒಳಗಿನ 100 ಮಂದಿಯ ಸಂತೋಷದಲ್ಲಿ ಈ ಆತಂಕದ ಅಳತೆ ಸಿಕ್ಕಿರಲಿಲ್ಲ. ಜಾಹೀರಾತಿಗಾಗಿ ಮೇಲ್ ಓದುವುದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2017ರಲ್ಲಿ.

ಅದೇ ಜಿಮೇಲ್‌ನೊಳಗೆ 2010ರ ಫೆಬ್ರುವರಿಯಲ್ಲಿ ‘ಬಜ್’ ಎಂಬ ಜಾಲತಾಣ ಸೇವೆ ಬಂತು. ಗೂಗಲ್‌ನ ಸಾವಿರಾರು ನೌಕರರು ಅದನ್ನು ಬಳಸಿ ನೋಡಿದ್ದರು, ಹೊರಗಿನ ಪರೀಕ್ಷಕರಿಗೆ ಮಾತ್ರ ಕೊಟ್ಟಿರಲಿಲ್ಲ. ನೀವು ಹೆಚ್ಚಾಗಿ ಮೇಲ್ ಮಾಡುವವರನ್ನು ಬಜ್ ತಾನಾಗಿಯೇ ನಿಮ್ಮ ಪಟ್ಟಿಗೆ ಸೇರಿಸುತ್ತಿತ್ತು; ಆ ಪಟ್ಟಿ ಪ್ರೊಫೈಲ್‌ನಲ್ಲಿ ಇತರರಿಗೂ ಕಾಣುವಂತಿತ್ತು. ಒಂದೇ ಕಚೇರಿಯ ನೌಕರರಿಗೆ ಇದು ತೊಂದರೆಯೇ ಅಲ್ಲ, ಅವರ ಸಂಪರ್ಕಗಳು ಪರಸ್ಪರರಿಗೆ ಗೊತ್ತೇ ಇರುತ್ತವೆ. ಆದರೆ ನಮ್ಮ ಕಸುಬಿನವರನ್ನು ನೆನೆಯಿರಿ. ವರದಿಗಾರ ಅತಿ ಹೆಚ್ಚು ಮೇಲ್ ಮಾಡುವವರ ಪಟ್ಟಿ ಎಂದರೆ ಅವನಿಗೆ ಗುಟ್ಟಾಗಿ ಸುದ್ದಿ ಕೊಡುವವರ ಪಟ್ಟಿಯೂ ಆಗಬಹುದು. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಗೂಗಲ್ ಅದನ್ನು ಬದಲಿಸಿತು. 2011ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ರಾಜಿಯಾಗಿ, 20 ವರ್ಷ ಹೊರಗಿನವರಿಂದ ಖಾಸಗಿತನದ ತಪಾಸಣೆಗೆ ಒಪ್ಪಬೇಕಾಯಿತು. ಬಜ್ ಆ ವರ್ಷವೇ ಮುಚ್ಚಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ನಿಜ. ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು. 100 ಮಂದಿ ಸಾಕಾದದ್ದು ಮೇಲ್ ಹುಡುಕುವ ಕಷ್ಟ ಅವರಿಗೂ ನಮಗೂ ಒಂದೇ ಆಗಿದ್ದರಿಂದ. ಬಜ್‌ನ ವಿಷಯದಲ್ಲಿ ಕಳೆದುಕೊಳ್ಳುವವರು ಬೇರೆ ಕಡೆ ಇದ್ದರು, ಹಾಗಾಗಿ ಒಳಗಿನ ಸಾವಿರಾರು ಮಂದಿಯೂ ಸಾಲಲಿಲ್ಲ. ಈಗ ಜಿಲ್ಲಾ ಕೇಂದ್ರಗಳಲ್ಲೂ ಹುಡುಗರು ಮಾರುಕಟ್ಟೆ ದರಕ್ಕೆ, ಬಸ್ ಸಮಯಕ್ಕೆ ಆ್ಯಪ್ ಮಾಡುತ್ತಿದ್ದಾರೆ. ಅರ್ಧ ಮುಗಿದಿದ್ದರೂ ಬೇಗ ತೋರಿಸಲಿ, ಹತ್ತೇ ಜನಕ್ಕಾದರೂ ಸರಿ. ಆ ಹತ್ತರಲ್ಲಿ ಇಬ್ಬರಾದರೂ ಅವರ ಸ್ನೇಹಿತರಲ್ಲದ, ಆ್ಯಪ್ ಕೆಟ್ಟರೆ ನಿಜವಾಗಿ ನಷ್ಟ ಅನುಭವಿಸುವ ಜನ ಇರಲಿ.