ಬಿಸಿಲು, ಮೈಬಣ್ಣ ಮತ್ತು ಬೀಟಾ ವೈರಸ್: ಚರ್ಮದ ಕ್ಯಾನ್ಸರ್ ಕುರಿತ ಒಂದು ವಾದದ ಮರುಪರಿಶೀಲನೆ

ಚರ್ಮದ ಮೇಲೆ ಸದ್ದಿಲ್ಲದೆ ಬಾಳುವ ಪ್ಯಾಪಿಲೋಮಾ ವೈರಸ್‌ಗಳು ಕ್ಯಾನ್ಸರ್ ತರುವುದಿಲ್ಲ; ಅವುಗಳ ವಿರುದ್ಧ ದೇಹ ರೂಢಿಸಿಕೊಂಡ ಟಿ-ಕೋಶಗಳ ಪ್ರತಿರಕ್ಷೆಯೇ ಕ್ಯಾನ್ಸರನ್ನು ತಡೆಯುತ್ತದೆ. 2019ರಲ್ಲಿ ಸ್ಟ್ರಿಕ್ಲಿ, ಡೆಮೆಹ್ರಿ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ಮುಂದಿಟ್ಟ ವಾದವಿದು. ಅಂಗಾಂಗ ಕಸಿಯಾದವರಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಹೆಚ್ಚಲು ವೈರಸ್ ಕಾರಣವಲ್ಲ, ಕಳೆದುಹೋದ ಪ್ರತಿರಕ್ಷೆ ಕಾರಣ ಎಂಬುದು ಅವರ ತೀರ್ಮಾನ. ಪ್ರಯೋಗ ಅಚ್ಚುಕಟ್ಟಾಗಿದೆ. ತೀರ್ಮಾನ ಮಾತ್ರ ಪ್ರಯೋಗಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ.

ಹಿನ್ನೆಲೆಯಲ್ಲಿ ವಿವಾದ ಕಡಿಮೆ. ಮೈತುಂಬ ನರುಲಿಯಂಥ ಚಪ್ಪಟೆ ಗಂಟುಗಳೇಳುವ ಎಪಿಡರ್ಮೋಡಿಸ್ಪ್ಲೇಸಿಯಾ ವೆರುಸಿಫಾರ್ಮಿಸ್ ಎಂಬ ಆನುವಂಶಿಕ ರೋಗವನ್ನು ಲೆವಾಂಡೋವ್‌ಸ್ಕಿ ಮತ್ತು ಲುಟ್ಜ್ 1922ರಲ್ಲಿ ವಿವರಿಸಿದರು. ವಾರ್ಸಾದ ಸ್ಟೆಫಾನಿಯಾ ಯಬ್ಲೊನ್‌ಸ್ಕಾ ಇದನ್ನು ವೈರಸ್‌ಜನ್ಯ ಕ್ಯಾನ್ಸರಿನ ಮಾದರಿಯಾಗಿ ಕಂಡರು. ಪ್ಯಾರಿಸ್ಸಿನ ಜೆರಾರ್ ಓರ್ತ್ ಜೊತೆಗಿನ ಅವರ ಕೆಲಸದಿಂದ ಎಚ್‌ಪಿವಿ-5, ಎಚ್‌ಪಿವಿ-8 ಎಂಬ ಬೀಟಾ ಗುಂಪಿನ ಪ್ಯಾಪಿಲೋಮಾ ವೈರಸ್‌ಗಳ ಪಾತ್ರ ಬೆಳಕಿಗೆ ಬಂತು. 2008ರಲ್ಲಿ ಫೆಂಗ್, ಶುಡಾ, ಚಾಂಗ್ ಮತ್ತು ಮೂರ್ ಮರ್ಕೆಲ್ ಕೋಶದ ಕ್ಯಾನ್ಸರಿನಲ್ಲಿ ಹೊಸ ಪಾಲಿಯೋಮಾ ವೈರಸ್ ಕಂಡುಹಿಡಿದಾಗ, ಪರೀಕ್ಷಿಸಿದ 10 ಗಡ್ಡೆಗಳ ಪೈಕಿ 8ರಲ್ಲಿ ಅದು ಸಿಕ್ಕಿತ್ತು. ಅಲ್ಲಿ ವೈರಸ್ ಗಡ್ಡೆಯ ಡಿಎನ್‌ಎಯಲ್ಲೇ ಸೇರಿಕೊಂಡಿರುವುದರಿಂದ ಜಗಳಕ್ಕೆ ಅವಕಾಶ ಕಡಿಮೆ.

ಬೀಟಾ ವೈರಸ್‌ನ ತೊಡಕೇ ಬೇರೆ. ಸಾಮಾನ್ಯ ಸ್ಕ್ವೇಮಸ್ ಗಡ್ಡೆಗಳಲ್ಲಿ ಅದರ ಆರ್‌ಎನ್‌ಎ ಸಿಗುವುದಿಲ್ಲವೆಂದು 2011ರಲ್ಲಿ ಆರನ್ ತಂಡ ತೋರಿಸಿತು. ಆದರೆ ಗಡ್ಡೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಆರಂಭದಲ್ಲೂ ಇರಲಿಲ್ಲ ಎನ್ನಲಾಗದು. ಕ್ಯಾನ್ಸರಿಗೆ ಮುನ್ನಿನ ಬಿಸಿಲುಗಾಯಗಳಲ್ಲಿ ವೈರಸ್‌ನ ಪ್ರಮಾಣ ಗಡ್ಡೆಯಲ್ಲಿರುವುದಕ್ಕಿಂತ ಹೆಚ್ಚು. 2018ರಲ್ಲಿ ವಿಯಾರಿಸಿಯೊ, ಟೊಮ್ಮಾಸಿನೊ ತಂಡ ಎಚ್‌ಪಿವಿ-38ರ ಇ6, ಇ7 ಜೀನ್‌ಗಳಿರುವ ಇಲಿಗಳಿಗೆ ನೇರಳಾತೀತ ಕಿರಣ ಹಾಯಿಸಿ ಗಡ್ಡೆ ಬೆಳೆಸಿತು. ಬಳಿಕ ಆ ಜೀನ್‌ಗಳನ್ನು ತೆಗೆದರೂ ಗಡ್ಡೆ ಬೆಳೆಯುತ್ತಲೇ ಹೋಯಿತು. ವೈರಸ್ ಬೆಂಕಿ ಹಚ್ಚಿ ಜಾಗ ಖಾಲಿ ಮಾಡಿದಂತೆ. ಇದು ಮೂಷಿಕ ಸಾಕ್ಷ್ಯ, ಜೀನ್‌ಗಳು ಕೃತಕವಾಗಿ ಸೇರಿಸಿದವು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದು ಡೆಮೆಹ್ರಿ ತಂಡದ ಇಲಿಗಳಿಗೂ ಒಂದಿಷ್ಟು ಅನ್ವಯಿಸುತ್ತದೆ.

ನನ್ನ ಮುಖ್ಯ ಆಧಾರ ಮನುಷ್ಯರದು. ಮೇಲಿನ ಆನುವಂಶಿಕ ರೋಗಕ್ಕೆ ಕಾರಣವಾದ ಈವರ್ ಜೀನ್‌ಗಳು 2002ರಲ್ಲಿ ಪತ್ತೆಯಾದವು. 2018ರಲ್ಲಿ ಸಿಐಬಿ1 ಅವಕ್ಕೆ ಜೊತೆಯಾಯಿತು. ಈ ಜೀನ್‌ಗಳ ಪ್ರೋಟೀನುಗಳು ಚರ್ಮದ ಕೆರಾಟಿನೋಸೈಟ್ ಕೋಶದೊಳಗೇ ಬೀಟಾ ವೈರಸ್ಸನ್ನು ಹಿಡಿದಿಡುತ್ತವೆ; ಜೀನ್ ಕೆಟ್ಟರೆ ಆ ಹಿಡಿತ ತಪ್ಪುತ್ತದೆ. ಅಂಥ ರೋಗಿಗಳ ಟಿ-ಕೋಶ ವ್ಯವಸ್ಥೆ ಬಹುಮಟ್ಟಿಗೆ ಸರಿಯಿರುತ್ತದೆ, ಇತರ ಸೋಂಕುಗಳು ಅವರನ್ನು ಕಾಡುವುದಿಲ್ಲ. ಆದರೂ ಬಿಸಿಲು ಬೀಳುವ ಕಡೆ ಕ್ಯಾನ್ಸರ್ ಬರುತ್ತದೆ. ಪ್ರತಿರಕ್ಷೆಯ ನಷ್ಟವೊಂದೇ ಕಾರಣವಾಗಿದ್ದರೆ ಇದನ್ನು ವಿವರಿಸುವುದು ಕಷ್ಟ. ಈ ರೋಗಿಗಳ ಟಿ-ಕೋಶಗಳಿಗೆ ನಿರ್ದಿಷ್ಟವಾಗಿ ಬೀಟಾ ವೈರಸ್ಸೇ ಕಾಣದೆ ಹೋಗಿರಬಹುದು ಎಂದು ಡೆಮೆಹ್ರಿಯವರ ಪರ ವಾದಿಸಲು ಸಾಧ್ಯವಿದೆ. ಆ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ.

ಇನ್ನೊಂದು ಸಾಕ್ಷ್ಯ ಮೈಬಣ್ಣದ್ದು. ಇದೇ ರೋಗವಿರುವ ಆಫ್ರಿಕದ ಕಪ್ಪುವರ್ಣೀಯರಲ್ಲಿ ಕ್ಯಾನ್ಸರ್ ಅಪರೂಪವೆಂದು ಯಾಚಿಕ್ ವರದಿ ಮಾಡಿದ್ದಾರೆ. ಅಂದರೆ ವೈರಸ್ ಒಂದೇ ಸಾಲದು, ಬಿಸಿಲೂ ಬೇಕು; ಮೆಲನಿನ್ ಆ ಕೂಟವನ್ನು ಮುರಿಯುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯ ಹೆದ್ದಾರಿ ಬದಿಯಲ್ಲಿ ಬಟ್ಟಬಯಲ ಬಿಸಿಲಿಗೆ ಬೆನ್ನೊಡ್ಡಿ ದುಡಿಯುವವರ ಮೈಗೆ ಬೀಳುವ ನೇರಳಾತೀತ ಕಿರಣ ವಾರ್ಸಾದವರ ಮೈಗೆ ಬೀಳುವುದಕ್ಕಿಂತ ಎಷ್ಟೋ ಹೆಚ್ಚು. ಹಾಗಿದ್ದೂ ಭಾರತದಲ್ಲಿ ಚರ್ಮದ ಕ್ಯಾನ್ಸರ್ ವಿರಳ, ಸ್ಕ್ವೇಮಸ್ ಗಡ್ಡೆ ಎಷ್ಟೋ ಸಲ ಹಳೆಯ ಸುಟ್ಟಗಾಯದ ಕಲೆಯಲ್ಲಿ ಹುಟ್ಟುತ್ತದೆ. ಮೈಗೆ ತಾಗಿಸಿಕೊಳ್ಳುವ ಕೆಂಡದ ಮಡಕೆಯ ಸತತ ಶಾಖದಿಂದ ಬರುವ ಕಾಶ್ಮೀರದ ಕಾಂಗ್ಡಿ ಕ್ಯಾನ್ಸರ್ ಅದಕ್ಕೆ ಹತ್ತಿರದ ಪ್ರಸಿದ್ಧ ಉದಾಹರಣೆ.

ಆದರೆ ಬಿಸಿಲು ಅನಿವಾರ್ಯ ಎಂಬ ನನ್ನ ಮಾತಿಗೂ ತಡೆಯೊಡ್ಡುವ ಪ್ರಕರಣವೊಂದು 2025ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಲಿಸ್ಕೊ ತಂಡ ಪರೀಕ್ಷಿಸಿದ ರೋಗಿಯ ಗಡ್ಡೆಯ ಡಿಎನ್‌ಎಯಲ್ಲಿ ಎಚ್‌ಪಿವಿ-19 ಬೆರೆತಿತ್ತು, ಝ್ಯಾಪ್70 ಜೀನ್‌ನ ದೋಷದಿಂದ ಟಿ-ಕೋಶಗಳು ಸೋತಿದ್ದವು, ಕಿರಣದ ಹಾನಿ ಸರಿಪಡಿಸುವ ಶಕ್ತಿ ಮಾತ್ರ ಉಳಿದಿತ್ತು. ಮೂಲಕೋಶ ಕಸಿಯ ನಂತರ ಗಡ್ಡೆಗಳು ಮರಳಲಿಲ್ಲ. ಹಾಗಾಗಿ ನನ್ನ ವಾದವನ್ನು ಹೀಗೆ ತಗ್ಗಿಸಿ ಹೇಳುವುದೇ ಸರಿ: ಟಿ-ಕೋಶಗಳು ಇರುವಷ್ಟು ಕಾಲ ವೈರಸ್ ಬಹುಶಃ ಬಿಸಿಲಿನ ಸಹಾಯಕ, ಅವು ಇಲ್ಲವಾದಾಗ ತಾನೇ ಚಾಲಕ. ಡೆಮೆಹ್ರಿಯವರ ಇಲಿಗಳು ಮೊದಲ ಸ್ಥಿತಿಯ ಒಂದು ಮುಖವನ್ನಷ್ಟೇ ತೋರಿಸಿವೆ.

ಕಿಡ್ನಿ ಕಸಿಯಾಗಿ ವರ್ಷಗಟ್ಟಲೆ ಪ್ರತಿರಕ್ಷೆ ತಗ್ಗಿಸುವ ಔಷಧ ನುಂಗುವ ನಮ್ಮವರಲ್ಲಿ ನರುಲಿ ಹೇರಳ, ಕ್ಯಾನ್ಸರ್ ವಿರಳ. ಅವರ ಚರ್ಮದಲ್ಲಿ ಬೀಟಾ ವೈರಸ್‌ನ ಪ್ರಮಾಣ ಯುರೋಪಿನ ಕಸಿ ರೋಗಿಗಳಷ್ಟೇ ಇದ್ದರೆ ಮೆಲನಿನ್ ಪರವಾದ ವಾದ ಗಟ್ಟಿಯಾಗುತ್ತದೆ. ತೀರಾ ಕಡಿಮೆಯಿದ್ದರೆ ಮೇಲಿನ ತರ್ಕದ ಅರ್ಧಭಾಗ ಬಿದ್ದುಹೋಗುತ್ತದೆ.