ಅಂಗಳದ ಹೊಗೆ, ಗೋಡೆಯ ಡಿ.ಡಿ.ಟಿ., ಬಾವಿಯ ಮುಚ್ಚಳ

ಧಾರವಾಡ ಕಡೆಯವರು ಅದನ್ನು ಗುಂಗಾಡ ಎನ್ನುತ್ತಾರೆ. ಮಂಗಳೂರು, ಉಡುಪಿ ಕಡೆಯ ಕನ್ನಡದಲ್ಲಿ ಅದು ನುಸಿ, ಮೈಸೂರು ಸೀಮೆಯವರಿಗೆ ಸೊಳ್ಳೆ. ಘಣಸೋಲಿಯ ಹಳೆಯ ಗಾವ್‌ಠಾಣದ ಮರಾಠಿಯಲ್ಲಿ ಡಾಸ. ಹೆಸರು ಯಾವುದಾದರೇನು, ಸಂಜೆ ಆರೂವರೆಗೆ ಕಿಟಕಿ ಮುಚ್ಚುವ ಅವಸರ ಮಾತ್ರ ಎಲ್ಲ ಮನೆಗಳಲ್ಲಿಯೂ ಒಂದೇ.

ಘಣಸೋಲಿ ಠಾಣೆ ಖಾಡಿಯ ದಂಡೆಯ ಊರು. ಭತ್ತದ ಗದ್ದೆ ಮತ್ತು ಖಾಡಿಯ ಮೀನನ್ನು ನಂಬಿದ್ದ ಈ ಹಳ್ಳಿಗಳ ನೆಲದ ಮೇಲೆ 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ಹೊಸ ನಗರವನ್ನು ಕಟ್ಟತೊಡಗಿತು. 1992ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ಬಂತು, 2004ರಲ್ಲಿ ಠಾಣೆ-ವಾಶಿ ರೈಲು ಓಡಿತು. ಪರೇಲ್, ಡೊಂಬಿವಲಿಗಳ ಒಂದು ಕೋಣೆಯ ಬಿಡಾರಗಳಲ್ಲಿದ್ದ ನಮ್ಮವರು ಅನೇಕರು ಇತ್ತ ಬಂದು ನೆಲೆಸಿದರು. ಇಲ್ಲಿ ಕೆಲವರಿಗಾದರೂ ಒಂದು ತುಂಡು ಅಂಗಳ ಸಿಕ್ಕಿತು. ಅಂಗಳ ಸಿಕ್ಕ ಮೇಲೆ ತುಳಸಿ, ಬಸಳೆ ಚಪ್ಪರ, ಎರಡು ಮಲ್ಲಿಗೆ ಕುಂಡ ಬಾರದಿರುತ್ತವೆಯೇ? ಅವುಗಳ ಹಿಂದೆಯೇ ಸೊಳ್ಳೆಯೂ ಬಂತು.

ಕಳೆದ ಮಳೆಗಾಲದಲ್ಲಿ ನಮ್ಮ ಸಾಲಿನ ಮನೆಗಳಲ್ಲಿ ಡೆಂಗ್ಯೂ ಕಾಣಿಸಿಕೊಂಡಿತು. ಶಾಲೆಗೆ ಹೋಗುವ ಒಬ್ಬ ಹುಡುಗಿ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಬೇಕಾಯಿತು. ಈ ವರ್ಷ ಮಳೆಗೆ ಮುಂಚೆಯೇ ಸೊಸೈಟಿಯಲ್ಲಿ ಚರ್ಚೆ ಎದ್ದಿತು: ತಿಂಗಳಿಗೆ ಇಷ್ಟು ಹಣ ಕೊಟ್ಟು ಖಾಸಗಿಯವರಿಂದ ಅಂಗಳಕ್ಕೆಲ್ಲ ಔಷಧಿ ಸಿಂಪಡಿಸಿ ಹೊಗೆ ಬಿಡಿಸಬೇಕೆಂದು ಒಂದು ಪಕ್ಷ, ಅದೇ ಹಣದಲ್ಲಿ ಮಾಳಿಗೆಯ ನೀರಿನ ಟಾಕಿಗಳಿಗೆ ಹೊಸ ಮುಚ್ಚಳ ಹಾಕಿಸಬೇಕೆಂದು ಇನ್ನೊಂದು ಪಕ್ಷ. ಈ ಜಗಳ ನಮ್ಮ ಸೊಸೈಟಿಯದಷ್ಟೇ ಅಲ್ಲ. ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ, ಮತ್ತು ಅದರ ಮುಖ್ಯ ಅಧ್ಯಾಯಗಳು ನಡೆದದ್ದು ಕನ್ನಡ ನಾಡಿನಲ್ಲಿ ಹಾಗೂ ಈ ಮುಂಬಯಿಯಲ್ಲಿಯೇ.

ಮೊದಲ ಅಧ್ಯಾಯ ಬೆಂಗಳೂರಿನದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಮಿಲಿಟರಿ ಡಾಕ್ಟರು ಬೆಂಗಳೂರಿನ ದಂಡಿನಲ್ಲಿದ್ದರು. ಉಳಿದವರ ಬಿಡಾರಗಳಿಗಿಂತ ತಮ್ಮ ಬಂಗಲೆಯಲ್ಲಿಯೇ ಸೊಳ್ಳೆ ಹೆಚ್ಚೇಕೆ ಎಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಓಲಾಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಸೊಳ್ಳೆಗಳು ಇಳಿದವು. ತೋಟದ ತೊಟ್ಟಿಗಳಲ್ಲಿ, ಊಟದ ಮೇಜಿನ ಕಾಲಿಗೆ ಇಟ್ಟ ನೀರಿನ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ ಕೂಡ ಇವು ಹುಟ್ಟುತ್ತವೆ, ಎಲ್ಲವನ್ನೂ ಖಾಲಿ ಮಾಡಿಸೋಣ ಎಂದು ಅವರು ಹೇಳಿದಾಗ ದಂಡಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ದೇವರು ಯಾವುದೋ ಉದ್ದೇಶಕ್ಕೆ ಸೃಷ್ಟಿಸಿರಬೇಕು, ನಿಸರ್ಗದ ಕ್ರಮವನ್ನು ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಆತನ ವಾದ. ಈ ಮಾತನ್ನು ರಾಸ್ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಕುಂಡದ ಕೆಳಗಿನ ತಟ್ಟೆ ತೆಗೆಯಿರಿ ಎಂದರೆ ಮುಖ ಸಿಂಡರಿಸುವ ನೆರೆಯವರನ್ನು ಕಂಡಾಗಲೆಲ್ಲ ನನಗೆ ಆ ಅಧಿಕಾರಿಯ ನೆನಪಾಗುತ್ತದೆ.

ಆಗಿನ್ನೂ ಸೊಳ್ಳೆಗೂ ಮಲೇರಿಯಕ್ಕೂ ಇರುವ ನಂಟು ಗೊತ್ತಿರಲಿಲ್ಲ. ಅದನ್ನು ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡು, ಬಯಲಿಗೆಳೆದರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಅವರು ಸೊಳ್ಳೆ ಹಿಡಿಯುವ ದಳಗಳನ್ನು ಕಟ್ಟುವ ಬಗೆಯನ್ನು ಕುರಿತು ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಹೊಂಡ ತುಂಬುವುದು, ಡಬ್ಬಿ ಎತ್ತುವುದು, ನಿಂತ ನೀರಿಗೆ ಎಣ್ಣೆ ಬಿಡುವುದು ಆ ದಳಗಳ ಕೆಲಸ. ಮರಿಹುಳು ಉಸಿರಾಡಲು ನೀರಿನ ಮೇಲ್ಮೈಗೆ ಬರಲೇಬೇಕು, ಅಲ್ಲಿ ಎಣ್ಣೆಯ ಪೊರೆಯಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಸಿಂಪಡಣೆ ಎಂದರೆ ಆ ಕಾಲಕ್ಕೆ ನೀರಿನ ಮೇಲೆ, ಗಾಳಿಯಲ್ಲಿ ಅಲ್ಲ.

ಎರಡನೆಯ ಅಧ್ಯಾಯ ಮುಂಬಯಿಯ ಬಾವಿಗಳದು. ಅಲೆಕ್ಸಾಂಡ್ರಾ ಡಾಕ್, ಅಂದರೆ ಇಂದಿನ ಇಂದಿರಾ ಡಾಕ್, ಕಟ್ಟುತ್ತಿದ್ದ ವರ್ಷಗಳಲ್ಲಿ ನಗರದಲ್ಲಿ ಚಳಿಜ್ವರ ಏರಿತು. ಕಾರಣ ಹುಡುಕಲು ಸರಕಾರ ಡಾ. ಬೆಂಟ್ಲಿ ಎಂಬವರನ್ನು ನೇಮಿಸಿತು. ಅವರ ವರದಿ 1911ರಲ್ಲಿ ಪ್ರಕಟವಾಯಿತು. ಜನ ದೂರುತ್ತಿದ್ದುದು ಗಟಾರವನ್ನು, ಕೆಸರನ್ನು. ಬೆಂಟ್ಲಿ ಬೆರಳು ತೋರಿಸಿದ್ದು ಮನೆಮನೆಯ ಚೊಕ್ಕ ನೀರಿನ ಬಾವಿಯನ್ನು. ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೆ ಕೊಳಚೆ ಬೇಡ. ಬಾವಿ, ಕಾರಂಜಿ, ಟಾಕಿಗಳ ತಿಳಿನೀರೇ ಬೇಕು. ಮುಚ್ಚಿರಿ ಎಂದಿತು ನಗರಪಾಲಿಕೆ. ಜನ ಸಿಡಿದೆದ್ದರು. ಪಾರ್ಸಿಗಳಿಗೆ ಅಗ್ಯಾರಿಯ ಕ್ರಿಯೆಗಳಿಗೆ ಬಾವಿಯ ನೀರು ಬೇಕು, ಮಡಿ ಹಿಂದುಗಳಿಗೆ ನಳದ ನೀರು ಪೂಜೆಗೆ ಸಲ್ಲದು. ಹಲವು ಬಾವಿಗಳನ್ನು ತುಂಬಿಸಿದರು, ಹಲವಕ್ಕೆ ಬಿಗಿ ಮುಚ್ಚಳ ಬಿತ್ತು, ಧರ್ಮದ ಮಾತು ಬಂದಲ್ಲಿ ಮುಚ್ಚಳಕ್ಕೊಂದು ಸಣ್ಣ ಬಾಗಿಲಿಡುವ ರಾಜಿಯಾಯಿತು. ಚರ್ಚ್‌ಗೇಟಿನ ಬಳಿ 1725ರ ಭಿಖಾ ಬೆಹ್ರಾಮ್ ಬಾವಿ ಇಂದಿಗೂ ಪಾರ್ಸಿಗಳ ಶ್ರದ್ಧೆಯ ಸ್ಥಾನವಾಗಿ ಉಳಿದಿದೆ.

ಬಾವಿ ಮುಚ್ಚಿದ ಮೇಲೆ ಸೊಳ್ಳೆ ಮಾಳಿಗೆ ಹತ್ತಿತು. 1928ರಲ್ಲಿ ಗಾರ್ಡನ್ ಕೊವೆಲ್ ಎಂಬ ತಜ್ಞರು ಮತ್ತೆ ತನಿಖೆ ಮಾಡಿದಾಗ ಬಾವಿಗಳ ಜೊತೆಗೆ ನೀರಿನ ಟಾಕಿಗಳನ್ನೂ ಹೆಸರಿಸಬೇಕಾಯಿತು. ಮುಂಬಯಿಯಲ್ಲಿ ಕಟ್ಟಡದ ಟಾಕಿಗೆ ಸೊಳ್ಳೆ ನುಗ್ಗದ ಮುಚ್ಚಳವಿರಬೇಕು, ತಪಾಸಣೆಯವರು ಹತ್ತಲು ಏಣಿಯಿರಬೇಕು ಎಂಬ ನಿಯಮದ ಬೇರು ಈ ಕಥೆಯಲ್ಲಿದೆ. ಅಂದಹಾಗೆ ಈ ಸ್ಟೀಫನ್ಸಿಯ ವಂಶಾವಳಿಯಲ್ಲಿ ನಮ್ಮ ನಾಡಿನ ಹೆಸರೂ ಇದೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಮೊಟ್ಟೆಯ ರಚನೆಯನ್ನು ನೋಡಿ ಇದರಲ್ಲಿ ಎರಡು ಬಗೆಯಿದೆ ಎಂದು ತೋರಿಸಿದರು. ಪಟ್ಟಣದ ಟಾಕಿ-ಬಾವಿಗಳದು ಮೂಲ ಬಗೆ. ಹಳ್ಳಿಗಾಡಿನ, ಅಷ್ಟು ಅಪಾಯವಿಲ್ಲದ ಇನ್ನೊಂದಕ್ಕೆ ‘ಮೈಸೂರೆನ್ಸಿಸ್’ ಎಂದು ನಾಮಕರಣವಾಯಿತು. ಮೈಸೂರಿನವರು ಇದಕ್ಕೆ ಹೆಮ್ಮೆಪಡಬೇಕೋ ಬೇಡವೋ ಅವರೇ ನಿರ್ಧರಿಸಲಿ.

ಬಾವಿಯನ್ನೇನೋ ಮುಚ್ಚಬಹುದು, ಹೊಳೆಯನ್ನು ಮುಚ್ಚುವುದೆಂತು? ಇದು ಮೂರನೆಯ ಅಧ್ಯಾಯದ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಹೃದಯ. ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ ಸೀಮೆಯ ಚಳಿಜ್ವರ ಕುಪ್ರಸಿದ್ಧವಾಗಿತ್ತು. 1901ರಿಂದ 1921ರವರೆಗಿನ ಜನಗಣತಿಗಳಲ್ಲಿ ಉತ್ತರ ಕನ್ನಡದ ಜನಸಂಖ್ಯೆ ಏರುವ ಬದಲು ಇಳಿಯುತ್ತಲೇ ಹೋಯಿತು. ಪ್ಲೇಗು, ಇನ್‌ಫ್ಲುಯೆಂಜಾಗಳ ಜೊತೆಗೆ ಮಲೇರಿಯವೂ ಇದಕ್ಕೆ ಕಾರಣ. ಹೊಟ್ಟೆಯಲ್ಲಿ ಗಡ್ಡೆ ಕಟ್ಟಿದ ಮಕ್ಕಳು, ಗದ್ದೆ ಕೊಯ್ಲಿಗೆ ಆಳಿಲ್ಲದೆ ಬೀಳುಬಿದ್ದ ಹೊಲ, ಬಾಗಿಲು ಹಾಕಿದ ಮನೆಗಳು: ಆ ಕಡೆಯಿಂದ ಬಂದ ಹಿರಿಯರಿದ್ದರೆ ಕೇಳಿ ನೋಡಿ.

ಅಲ್ಲಿಯ ಅಪರಾಧಿ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರೇ ಹೇಳುವಂತೆ ಹರಿವ ನೀರಿನದು. ಹಳ್ಳದ ಅಂಚು, ಝರಿಗಳ ಹುಲ್ಲಿನ ಬುಡ ಇದರ ತೊಟ್ಟಿಲು. ಕಾಡಿನ ಪ್ರತಿ ಹಳ್ಳಕ್ಕೂ ಎಣ್ಣೆ ಸುರಿಯಲು ಯಾವ ಸರಕಾರದಿಂದ ಸಾಧ್ಯ? ಇಷ್ಟರಲ್ಲಿ ಯುರೋಪಿನಲ್ಲಿ ಮಹಾಯುದ್ಧ ನಡೆದಿತ್ತು. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದಿದ್ದರು. ಯುದ್ಧ ಮುಗಿದೊಡನೆ ಅದು ನಾಗರಿಕರಿಗೂ ದೊರೆಯತೊಡಗಿತು. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಅದನ್ನು ಮನೆಗಳ ಒಳಗೋಡೆಗೆ ಸಿಂಪಡಿಸಿದರು. ಮೊದಲ ವರ್ಷದ ಫಲಿತಾಂಶವನ್ನು 1947ರಲ್ಲಿ ಪ್ರಕಟಿಸಿದರು.

ಗೋಡೆಗೇಕೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಲೇರಿಯ ಹರಡುವ ಸೊಳ್ಳೆ ರಾತ್ರಿ ರಕ್ತ ಕುಡಿದ ಮೇಲೆ ಭಾರವಾಗಿ, ಹತ್ತಿರದ ಗೋಡೆಗೆ ಹೋಗಿ ಕೂರುತ್ತದೆ. ರೋಗಿಯಿಂದ ಹೀರಿದ ರೋಗಾಣು ಅದರ ಹೊಟ್ಟೆಯಲ್ಲಿ ಬಲಿತು ಇನ್ನೊಬ್ಬರಿಗೆ ಅಂಟುವ ಸ್ಥಿತಿಗೆ ಬರಲು ಸುಮಾರು ಹತ್ತು ಹನ್ನೆರಡು ದಿನ ಬೇಕು. ಅಷ್ಟರೊಳಗೆ ಸೊಳ್ಳೆ ಎರಡು ಮೂರು ದಿನಕ್ಕೊಮ್ಮೆ ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಗೋಡೆಗೆ ಕೂರುತ್ತದೆ. ಗೋಡೆಯಲ್ಲಿ ತಿಂಗಳುಗಟ್ಟಲೆ ಉಳಿಯುವ ಡಿ.ಡಿ.ಟಿ. ಇದ್ದರೆ ಆ ಹನ್ನೆರಡು ದಿನ ಬದುಕುವ ಸೊಳ್ಳೆ ವಿರಳ. ಅಂದರೆ ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕೆಂದಿಲ್ಲ, ಮುದಿಯಾಗಲು ಬಿಡದಿದ್ದರೆ ಸಾಕು. ಹೊಳೆಯನ್ನು ಮುಟ್ಟದೆ ಹೊಳೆಯ ಸೊಳ್ಳೆಯನ್ನು ಸೋಲಿಸಿದ ಬುದ್ಧಿವಂತಿಕೆ ಇದು.

1953ರ ಏಪ್ರಿಲಿನಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ದೇಶಕ್ಕೆಲ್ಲ ಹಬ್ಬಿದ್ದು ಈ ಗೋಡೆಯ ವಿಧಾನವೇ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಜ್ವರ, ಎಂಟು ಲಕ್ಷ ಸಾವು ಎಂಬ ಅಂದಾಜಿದ್ದ ದೇಶದಲ್ಲಿ 1965ರ ಲೆಕ್ಕ ಸುಮಾರು ಒಂದು ಲಕ್ಷ ರೋಗಿಗಳಿಗೆ ಇಳಿಯಿತು. ನಮ್ಮ ಪೀಳಿಗೆಗೆ ‘ಡಿ.ಡಿ.ಟಿ.ಯವರು’ ಚೆನ್ನಾಗಿ ನೆನಪಿದ್ದಾರೆ: ಬಕೆಟ್ಟಿನಲ್ಲಿ ಕಾಲಿಟ್ಟ ಪಂಪು, ಒತ್ತುವವನೊಬ್ಬ, ಕೊಳವೆ ಹಿಡಿಯುವವನೊಬ್ಬ, ಪಾತ್ರೆ-ಪಗಡಿಗಳನ್ನೆಲ್ಲ ಅಂಗಳಕ್ಕೆ ಸಾಗಿಸುವ ಅಮ್ಮಂದಿರ ಗೊಣಗಾಟ, ಬಾಗಿಲ ಪಕ್ಕ ಗೋಡೆಯ ಮೇಲೆ ಬರೆದು ಹೋಗುತ್ತಿದ್ದ ತಾರೀಖು. ಮೊದಮೊದಲು ತಿಗಣೆಯೂ ಸತ್ತಿತೆಂದು ಜನ ಸ್ವಾಗತಿಸಿದರು. ತಿಗಣೆ ಜಗ್ಗದಾದಾಗ ಉತ್ಸಾಹ ಇಳಿಯಿತು. ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ ಬಳಿದರೆ ಔಷಧಿ ಅದರ ಕೆಳಗೆ ಹೂತುಹೋಗುತ್ತಿತ್ತು. ದೀಪಾವಳಿಯನ್ನು ನಿಲ್ಲಿಸಲು ಯಾವ ಇಲಾಖೆಗೂ ಆಗದು!

ಸೊಳ್ಳೆಯೂ ಸುಮ್ಮನಿರಲಿಲ್ಲ. 1950ರ ದಶಕ ಮುಗಿಯುವುದರೊಳಗೆ ಬಯಲುಸೀಮೆಯ ಮುಖ್ಯ ಮಲೇರಿಯ ಸೊಳ್ಳೆಯಾದ ಕ್ಯೂಲಿಸಿಫೇಸಿಸ್ ಡಿ.ಡಿ.ಟಿ.ಯನ್ನು ತಡೆದುಕೊಳ್ಳಲು ಕಲಿತ ಸುದ್ದಿ ಬರತೊಡಗಿತ್ತು. ಹೊಲಗಳಲ್ಲಿ ಬೆಳೆಗೂ ಅದನ್ನು ಸುರಿದದ್ದು ಇನ್ನಷ್ಟು ಕೆಡುಕಾಯಿತು. 1958ರಲ್ಲಿ ‘ನಿಯಂತ್ರಣ’ ಎಂಬ ಪದವನ್ನು ತೆಗೆದು ‘ನಿರ್ಮೂಲನ’ ಎಂದು ಬರೆದದ್ದಾಗಿತ್ತು. 1976ರಲ್ಲಿ ದೇಶದಲ್ಲಿ ಸುಮಾರು 65 ಲಕ್ಷ ರೋಗಿಗಳು! ಆ ನಡುವೆ ಪಟ್ಟಣಗಳನ್ನು ಮರೆತಿದ್ದೆವೆಂದು ಗೊತ್ತಾಗಿ 1971-72ರಲ್ಲಿ ನಗರ ಮಲೇರಿಯ ಯೋಜನೆ ಬಂತು. ಅದರಲ್ಲಿ ಒತ್ತು ಗೋಡೆಗಲ್ಲ, ನೀರಿಗೆ, ಮರಿಹುಳುವಿಗೆ. ಬೆಂಟ್ಲಿಯ ಹಳೆಯ ಪಾಠಕ್ಕೆ ಮರಳಿದಂತಾಯಿತು. 1990ರ ದಶಕದಿಂದ ಮಂಗಳೂರಿನಲ್ಲಿ ಮಲೇರಿಯ ಕಾಡಿದಾಗಲೂ ಕಾರಣ ಅದೇ ಸ್ಟೀಫನ್ಸಿ: ಕಟ್ಟುತ್ತಿರುವ ಕಟ್ಟಡಗಳ ನೀರು, ಹೊಸ ಕಾಂಕ್ರೀಟಿನ ಮೇಲೆ ನಿಲ್ಲಿಸಿದ ನೀರು. ಇದೇ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿಕೊಂಡು, ಅಲ್ಲಿಂದೀಚೆಗೆ ಇಥಿಯೋಪಿಯದ ಪಟ್ಟಣಗಳಲ್ಲಿಯೂ ನೆಲೆಯೂರಿದೆ. ಕಟ್ಟಡ ಏಳುವಲ್ಲಿಗೆ ಅದು ಹೋಗುತ್ತದೆ. ಘಣಸೋಲಿಯ ಸೆಕ್ಟರುಗಳು ಎದ್ದ ಬಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಅಂಗಳಕ್ಕೆ ಬರೋಣ. ಇಲ್ಲಿಯ ಅನೇಕರು ಖಾಡಿಯ ಕಾಂದಳವನವನ್ನು ಬೈಯುತ್ತಾರೆ. ಆದರೆ ಡೆಂಗ್ಯೂ ತರುವ ಈಡಿಸ್ ಸೊಳ್ಳೆಗೆ ಉಬ್ಬರದ ಉಪ್ಪು ನೀರು ಬೇಡ. ಅದು ಹುಟ್ಟುವುದು ಕುಂಡದ ತಟ್ಟೆಯಲ್ಲಿ, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ಮೂಲೆಗೆಸೆದ ಟಾಯರಿನಲ್ಲಿ, ಮುಚ್ಚಳ ಓರೆಯಾದ ಡ್ರಮ್ಮಿನಲ್ಲಿ. ಕಚ್ಚುವುದು ಹಗಲಿನಲ್ಲಿ. ಕೂರುವುದು ಕತ್ತಲೆ ಮೂಲೆಯಲ್ಲಿ, ನೇತುಹಾಕಿದ ಬಟ್ಟೆಗಳ ಹಿಂದೆ. ಆದ್ದರಿಂದ ಉತ್ತರ ಕನ್ನಡವನ್ನು ಗೆಲ್ಲಿಸಿದ ಗೋಡೆಯ ಉಪಾಯ ಇದಕ್ಕೆ ಅಷ್ಟಾಗಿ ನಾಟದು. ಸಂಜೆಯ ‘ಧೂರ್ ಫವಾರಣಿ’ಯಂತೂ ಡೀಸೆಲಿನಲ್ಲಿ ಬೆರೆಸಿದ ಔಷಧಿಯ ಹೊಗೆ, ಹಾರಾಡುತ್ತ ಅದಕ್ಕೆ ಸಿಕ್ಕಿದ ಸೊಳ್ಳೆ ಮಾತ್ರ ಸಾಯುತ್ತದೆ, ಗಾಳಿ ಬೀಸಿದರೆ ಹೊಗೆಯೂ ಹೋಯಿತು. ಗಿಡಗಳಿಗೆ ಸಿಂಪಡಿಸಿದ್ದನ್ನು ನಮ್ಮ ಮಳೆ ಎಷ್ಟು ದಿನ ಉಳಿಸೀತು? ಸೊಳ್ಳೆ ತಿನ್ನುವ ಏರೋಪ್ಲೇನ್ ಚಿಟ್ಟೆಗಳು ಮಾತ್ರ ಸಾಯುತ್ತವೆ. ಹೊಗೆಗೆ ಉಪಯೋಗವೇ ಇಲ್ಲವೆಂದಲ್ಲ. ರೋಗ ಕಾಣಿಸಿದಾಗ ರೋಗಿಯ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ತಡಮಾಡದೆ ಹೊಡೆದರೆ ಆಗಲೇ ಸೋಂಕು ಹೊತ್ತ ಸೊಳ್ಳೆಗಳು ಸಾಯುತ್ತವೆ. ತಿಂಗಳ ವರ್ಗಣಿಗೆ ಒಮ್ಮೆ ಬರುವ ಹೊಗೆ ಬೇರೆ ಸಂಗತಿ. ಅದು ಕಣ್ಣಿಗೆ ಕಾಣುತ್ತದೆ, ಮುಚ್ಚಳ ಕಾಣುವುದಿಲ್ಲ, ವ್ಯತ್ಯಾಸ ಅಲ್ಲಿದೆ.

ಮೊಟ್ಟೆಯಿಂದ ರೆಕ್ಕೆ ಮೂಡುವ ತನಕ ಸೊಳ್ಳೆಗೆ ಏಳೆಂಟು ದಿನ ಬೇಕು. ಮಹಾರಾಷ್ಟ್ರದಲ್ಲಿ ಸಾರುವ ‘ಕೋರಡಾ ದಿವಸ’, ವಾರಕ್ಕೊಂದು ದಿನ ಎಲ್ಲ ಪಾತ್ರೆಗಳನ್ನೂ ಒಣಗಿಸುವುದು, ಈ ಲೆಕ್ಕದ ಮೇಲೆ ನಿಂತಿದೆ. ಬರಿದೆ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ತಿಕ್ಕಬೇಕು. ಈಡಿಸಿನ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದೆ. ಭಾನುವಾರ ಬೆಳಿಗ್ಗೆ ಕಾಲು ಗಂಟೆಯ ಕೆಲಸ.

ನಮ್ಮ ಸೊಸೈಟಿಯ ಸಭೆ ಎರಡೂವರೆ ಗಂಟೆ ನಡೆಯಿತು. ಟಾಕಿಗಳ ಮುಚ್ಚಳಕ್ಕೂ ತುಕ್ಕು ಹಿಡಿದ ಏಣಿಗೂ ಹಣ ಮಂಜೂರಾಯಿತು. ಹೊಗೆಯ ಗುತ್ತಿಗೆಯ ವಿಷಯ ಮುಂದಿನ ಸಭೆಗೆ ಹೋಗಿದೆ.