ಪುಸ್ತಕಗಳ ಹಿಂದಿನ ಕಥೆ | ಭಾಗ 6: ಕಪಾಟಿಗೆ ವಾಪಸ್ ಬಂದ ಆ್ಯನಿ

ಒಂದು ಲವ್ ಸ್ಟೋರಿಗೋಸ್ಕರ ಸ್ಟೂಡೆಂಟ್ಸ್ ಕೋರ್ಟ್‌ಗೆ ಹೋಗಿದ್ದು ಗೊತ್ತಾ? 📚

1982ರಲ್ಲಿ ಅಮೆರಿಕದ ಲೇಖಕಿ ನ್ಯಾನ್ಸಿ ಗಾರ್ಡನ್ ಅವರ ‘ಆ್ಯನಿ ಆನ್ ಮೈ ಮೈಂಡ್’ ಕಾದಂಬರಿ ಬಂತು. 17 ವರ್ಷದ ಲೈಜಾ, ಆ್ಯನಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಭೇಟಿಯಾಗ್ತಾರೆ. ಸ್ನೇಹ ನಿಧಾನಕ್ಕೆ ಪ್ರೀತಿಯಾಗುತ್ತೆ. ವಿಷಯ ಬಯಲಾದಾಗ ಲೈಜಾಳ ಶಾಲೆಯಲ್ಲಿ ವಿಚಾರಣೆ ನಡೆಯುತ್ತೆ, ಇಬ್ಬರು ಟೀಚರ್‌ಗಳ ಕೆಲಸ ಹೋಗುತ್ತೆ. ಆದ್ರೂ ಕೊನೆಗೆ (ಸ್ಪಾಯ್ಲರ್!) ಲೈಜಾ ಆ್ಯನಿಗೆ ಫೋನ್ ಮಾಡ್ತಾಳೆ.

ಆ ಫೋನೇ ಹೊಸತು. ಅದಕ್ಕೂ ಮುಂಚಿನ ಇಂಥ ಕಥೆಗಳು ಹೆಚ್ಚಾಗಿ ಸಾವಿನಲ್ಲೋ ಅಗಲಿಕೆಯಲ್ಲೋ ಮುಗೀತಿದ್ದವು.

1993ರಲ್ಲಿ ಕಾನ್ಸಾಸ್ ಸಿಟಿ ಸುತ್ತಮುತ್ತಲಿನ ಹೈಸ್ಕೂಲ್‌ಗಳಿಗೆ ಈ ಪುಸ್ತಕ ದಾನವಾಗಿ ಬಂತು. ಗಲಾಟೆ ಶುರುವಾಯ್ತು, ಒಂದು ಪ್ರತಿಗೆ ಬೆಂಕಿಯನ್ನೂ ಹಚ್ಚಿದರು. ಕಾನ್ಸಾಸ್ ರಾಜ್ಯದ ಒಲೇಥ ಊರಲ್ಲಂತೂ ಶಾಲಾ ಆಡಳಿತ ದಾನವನ್ನು ಬೇಡ ಅಂದಿದ್ದಲ್ಲದೆ, ಲೈಬ್ರರಿಯಲ್ಲಿ ಮೊದಲೇ ಇದ್ದ ಪುಸ್ತಕವನ್ನೂ ತೆಗೆಸಿತು.

ಅಲ್ಲಿನ ಕೆಲವು ವಿದ್ಯಾರ್ಥಿಗಳು, ಪೋಷಕರು ಸುಮ್ಮನಿರಲಿಲ್ಲ. ಕೇಸ್ ಹಾಕಿದ್ರು. 1995ರಲ್ಲಿ ತೀರ್ಪು ಬಂತು: ಪುಸ್ತಕದಲ್ಲಿರೋ ವಿಚಾರ ತಮಗೆ ಹಿಡಿಸಲಿಲ್ಲ ಅಂತ ಅದನ್ನ ಲೈಬ್ರರಿಯಿಂದ ತೆಗೆಯೋದು ಸಂವಿಧಾನಕ್ಕೆ ವಿರುದ್ಧ. ಆ್ಯನಿ ಕಪಾಟಿಗೆ ವಾಪಸ್ ಬಂದಳು.

ಗಮನಿಸಿ, ಎಲ್ಲರೂ ಓದಲೇಬೇಕು ಅಂತ ಅವರು ಕೇಳಲಿಲ್ಲ. ಬೇಕಾದವರ ಕೈಗೆ ಸಿಗಲಿ ಅಂದ್ರು, ಅಷ್ಟೇ. ಯಾಕಂದ್ರೆ ಯಾರ ಹತ್ರಾನೂ ಹೇಳಿಕೊಳ್ಳೋಕಾಗದ ಹುಡುಗಿಗೆ ‘ನೀನೊಬ್ಬಳೇ ಅಲ್ಲ’ ಅಂತ ಮೊದಲು ಹೇಳೋದು ಕೆಲವು ಸಲ ಒಂದು ಪುಸ್ತಕವೇ.

ನಿಮಗೆ ಹಾಗೆ ಹೇಳಿದ ಪುಸ್ತಕ ಯಾವುದು? ಕಾಮೆಂಟ್ ಮಾಡಿ 👇

#ಪುಸ್ತಕಗಳಹಿಂದಿನಕಥೆ #ಓದು #ಇತಿಹಾಸ